ಬೆನ್ನು ಬಗ್ಗದ ಮಾಸ್ತರ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ರಾಯಚೂರಿನ ಡಾಕ್ಟರೊಬ್ಬರ ದವಾಖಾನೆಯ ಹಿಂದಿನ ಕೋಣೆಯಲ್ಲಿ ನಾನು ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಸೂಜಿ ಕಂಡೊಡನೆ ಜನರಿಗೆ ಏನಾಗುತ್ತಿತ್ತೋ, ದಿನಕ್ಕೊಂದು ತಮಾಷೆ ತಪ್ಪುತ್ತಿರಲಿಲ್ಲ. ಕವಿತಾಳದ ಕಡೆಯ ಮಾಸ್ತರರೊಬ್ಬರು ಮತ್ತು ಅವರ ತಾಯಿ ಬಂದರಂತೂ ಅವತ್ತು ನನ್ನ ಕೆಲಸ ಕೆಟ್ಟಿತೆಂದೇ ಲೆಕ್ಕ.

ಮಾಸ್ತರರಿಗೆ ಇನ್ನೂ ಇಪ್ಪತ್ತಾರು. ಬೆಳಿಗ್ಗೆ ಏಳುವಾಗ ಬೆನ್ನು ಹಲಗೆಯಂತೆ ಸೆಟೆದಿರುತ್ತಿತ್ತು, ಓಡಾಡುತ್ತ ಮಧ್ಯಾಹ್ನಕ್ಕೆ ಸಡಿಲಾಗುತ್ತಿತ್ತು. ಬೆನ್ನೆಲುಬಿನ ಕೀಲುಗಳಲ್ಲಿ ಉರಿಯೂತವೆಂದು ಡಾಕ್ಟರರ ಅನುಮಾನ. ದೇವದುರ್ಗದಲ್ಲಿ ಮಾಸ್ತರರು ಮೆಚ್ಚಿದ ಹೆಣ್ಣೊಂದಿತ್ತು. ಮದುವೆಯ ಮಾತುಕತೆ ಮುಗಿಯುವುದರೊಳಗೆ ಬೆನ್ನು ಸರಿಯಾಗಬೇಕೆಂದು ತಾಯಿಯ ಹಟ.

೧. ಒಂದು ತಾಸಿನ ಕಾವಲು

ಇ.ಎಸ್.ಆರ್. ಅಂತ ಒಂದು ಪರೀಕ್ಷೆ. ಗಾಜಿನ ಸಣ್ಣ ಕೊಳವೆಯಲ್ಲಿ ರಕ್ತ ತುಂಬಿ ನೆಟ್ಟಗೆ ನಿಲ್ಲಿಸಿ, ತಾಸಿನಲ್ಲಿ ಕೆಂಪು ಎಷ್ಟು ಕೆಳಗಿಳಿಯಿತೆಂದು ನೋಡುವುದು. ಮೈಯಲ್ಲಿ ಉರಿಯೂತವಿದ್ದರೆ ಬೇಗ ಇಳಿಯುತ್ತದೆ. ಕೊಳವೆ ನಿಲ್ಲಿಸಿ ನಾನು ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ತಾಸು ಕಳೆದರೂ ಒಂದು ಗೆರೆಯಷ್ಟೂ ಇಳಿದಿಲ್ಲ! ಇಂಥ ರಕ್ತ ನಾನು ಕಂಡೇ ಇರಲಿಲ್ಲ.

ಪಕ್ಕದಲ್ಲೇ ಕುಳಿತಿದ್ದ ತಾಯಿ ಸಮಾಧಾನ ಹೇಳಿದರು. "ಚಿಂತಿ ಮಾಡಬ್ಯಾಡ್ರಿ ಯಪ್ಪಾ. ನೀವು ಅತ್ಲಾಗ ಹೋದ್ರಿ, ನನ್ನ ಮಗನ ರಕ್ತ ತಳಕ್ಕ ಕುಂದ್ರಾಕತ್ತಿತ್ತು. ಕೊಳವಿ ಬಾಯಿಗೆ ಹೆಬ್ಬಟ್ಟು ಒತ್ತಿ ಮೂರು ಸರ್ತಿ ಅಲ್ಲಾಡಿಸೀನಿ. ನಾ ಇದ್ದೆ ಅಂತ ಪಾರಾತು."

ಮತ್ತೆ ಸೂಜಿ ಚುಚ್ಚಿದೆ. ಈ ಸಲ ಚಹಾದ ಆಸೆ ಬಿಟ್ಟು ಕೊಳವೆಯ ಮುಂದೆಯೇ ಕುಳಿತೆ. ಹತ್ತು ನಿಮಿಷವಾಗಿರಲಿಲ್ಲ, ತಾಯಿ ಸಿಡಿಮಿಡಿಗೊಂಡರು.

"ಮತ್ತ ಇಳ್ಯಾಕತ್ತದ. ಕಣ್ಣಾರೆ ನೋಡಿಕೋತ ಸುಮ್ಮನ ಕುಂತೀರಲ್ರೀ!"

೨. ಪಥ್ಯ

ಉರಿಯೂತ ಖಾತ್ರಿಯಾಯಿತು. ಡಾಕ್ಟರು ಗುಳಿಗೆ ಬರೆದರು, ದಿನಾಲೂ ವ್ಯಾಯಾಮ ಮಾಡಲು ಹೇಳಿದರು, ರಕ್ತದ ಒತ್ತಡ ನೋಡಿದರು. ಕೊನೆಗೆ, "ಬೀಡಿ ಸೇದ್ತೀರೇನು? ರಕ್ತನಾಳ ಕೆಡ್ತಾವ, ನಿಮಗಂತೂ ಸುತಾರಾಂ ಬ್ಯಾಡ" ಎಂದರು.

ಮಾಸ್ತರರು ತಾಯಿಯ ಕಡೆ ನೋಡಿ, "ಮುಟ್ಟಿ ಸುದ್ದಾ ಗೊತ್ತಿಲ್ರೀ" ಅಂದರು.

"ಸುಳ್ಳು ಹೇಳಬ್ಯಾಡಲೇ!" ತಾಯಿ ಸೊಂಟದ ಚೀಲದಿಂದ ತಮ್ಮ ಬೀಡಿ ಕಟ್ಟನ್ನೇ ತೆಗೆದು ಮೇಜಿನ ಮೇಲಿಟ್ಟರು. "ಎಂಟು ದಿನ ಬರ್ತಿದ್ದ ಕಟ್ಟು ನಾಕೇ ದಿನಕ್ಕ ಖಾಲಿ ಆಗ್ತದ. ಮನ್ಯಾಗ ಮತ್ತ ಬೆಕ್ಕು ಸೇದ್ತದೇನು?"

"ಹಂಗಾದ್ರ ಇಬ್ರೂ ಬಿಡ್ರಿ. ಮನ್ಯಾಗ ಬೀಡಿನೇ ಇರಬಾರದು."

ತಾಯಿ ಗಾಬರಿಯಾಗಿ ಕಟ್ಟನ್ನು ಮತ್ತೆ ಚೀಲಕ್ಕೆ ಸೇರಿಸಿದರು.

"ರೋಗ ಅವಂದು, ಪಥ್ಯ ನಂದೇನ್ರೀ?"

೩. ಸೊಕ್ಕು

ಮಾತುಕತೆಯ ದಿನ ಮಾಸ್ತರರು ತಾಯಿಯ ಜೊತೆ ನಸುಕಿನ ಬಸ್ಸಿಗೆ ದೇವದುರ್ಗಕ್ಕೆ ಹೋದರು. ಸೀಟಿನಲ್ಲಿ ಕುಳಿತು ಕುಳಿತು ಬೆನ್ನು ಸೆಟೆದುಕೊಂಡಿತ್ತು. ಹೆಣ್ಣಿನ ಅಜ್ಜಿಯ ಕಾಲು ಮುಟ್ಟಲು ಬಗ್ಗಲಾಗದೆ ನಿಂತಲ್ಲೇ ಕೈ ಮುಗಿದರು. ಹೆಣ್ಣಿನ ತಂದೆಗೆ ಸಿಟ್ಟು ನೆತ್ತಿಗೇರಿತು. ಮಧ್ಯಾಹ್ನದ ಊಟವಾದ ಮೇಲೂ, ಬೆನ್ನಿನ ಬೇನೆಯೆಂದು ತಾಯಿ ಎಷ್ಟು ಹೇಳಿದರೂ ಕೇಳಲಿಲ್ಲ.

"ಮುಂಜಾನಿ ಬಗ್ಗಲಾರದಾವ ಮಧ್ಯಾಹ್ನ ಬಗ್ಗಿ ಬಗ್ಗಿ ಉಂಡಾನಲ್ಲ! ಇದು ನೌಕರಿ ಸೊಕ್ಕು. ಹೆಣ್ಣು ಕೊಡಂಗಿಲ್ಲ."

ಮರುದಿನ ತಾಯಿ ನನ್ನ ಕೋಣೆಗೆ ಬಂದು ನಡೆದದ್ದನ್ನೆಲ್ಲ ಹೇಳಿದರು. ಆ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಸಂಕಟವಾಯಿತು. ರವಿವಾರ ಮಾಸ್ತರರ ಒಪ್ಪಿಗೆ ಪಡೆದು, ಪರೀಕ್ಷೆಯ ಚೀಟಿ ಹಿಡಿದು, ತಾಯಿ ಮಗನ ಜೊತೆ ಅದೇ ನಸುಕಿನ ಬಸ್ಸು ಹತ್ತಿದೆ.

ಹೆಣ್ಣಿನ ತಂದೆ ಬಾಗಿಲಲ್ಲೇ ಶುರು ಮಾಡಿದರು. "ಸೊಕ್ಕು ಅವನ ರಕ್ತದಾಗೇ ಅದ."

"ಅವರ ರಕ್ತದಾಗ ಏನದ ಅಂತ ನೋಡಿದಾವ ನಾನ್ರೀ. ಉರಿಯೂತ ಅದ, ಸೊಕ್ಕಿಲ್ಲ" ಎಂದು ಚೀಟಿ ಕೊಟ್ಟೆ.

ಅವರು ಹಿಂದೆ ಮುಂದೆ ತಿರುಗಿಸಿ ಓದಿದರು. "ಇದರಾಗ ಸೊಕ್ಕಿಂದು ಪರೀಕ್ಷಾನೇ ಮಾಡಿಲ್ಲಲ್ರೀ!"

ಒಳಮನೆಯಲ್ಲಿ ಹುಡುಗಿ ಬಿಕ್ಕುವುದು ಕೇಳಿಸಿತು. ಆಗ ಅಜ್ಜಿ ಎದ್ದು ಮಾಸ್ತರರ ಹತ್ತಿರ ಬಂದರು.

"ಬಗ್ಗಿದ್ರ ಭಾಳ ನೋವೇನೋ ಯಪ್ಪಾ?"

"ಹೌದವ್ವಾ."

"ನೀ ಕೆಳಗ ಬರಬ್ಯಾಡ ಬಿಡು. ನಾನೇ ಮ್ಯಾಲ ಹೋಗ್ತೀನಿ."

ಮೂಲೆಯಲ್ಲಿ ಜೋಳದ ಚೀಲಗಳ ಒಟ್ಟಿಲಿತ್ತು. ಅಜ್ಜಿ ಸೀರೆ ಎತ್ತಿ ಕಟ್ಟಿ, ಹೆಣ್ಣಿನ ತಂದೆಯ ಹೆಗಲ ಮೇಲೆ ಕೈ ಊರಿ, ಹತ್ತಿ ಕುಳಿತೇ ಬಿಟ್ಟರು. ಅವರ ಪಾದ ಮಾಸ್ತರರ ಎದೆ ಮಟ್ಟಕ್ಕೆ ಬಂತು. ಮಾಸ್ತರರು ನೆಟ್ಟಗೆ ನಿಂತೇ ಎರಡೂ ಪಾದ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು. ಅವರ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು, ನನ್ನ ಕಣ್ಣೂ ಒದ್ದೆಯಾಯಿತು. ಹೆಣ್ಣಿನ ತಂದೆ ಒಳಮನೆಯ ಕಡೆ ತಿರುಗಿ, "ಸಕ್ಕರಿ ತರ್ರಿ" ಅಂದರು. ಮದುವೆ ಗಟ್ಟಿಯಾಯಿತು.

ಎಲ್ಲರೂ ಸಕ್ಕರೆ ತಿಂದದ್ದಾಯಿತು. ಅಜ್ಜಿ ಮಾತ್ರ ಇನ್ನೂ ಮೇಲೆಯೇ ಇದ್ದರು. ಇಳಿಯಲು ನೋಡಿದರೆ ಸೊಂಟ ಹಿಡಿದುಕೊಂಡಿದೆ. ನಾಲ್ಕು ಜನ ಕೈ ಹಾಕಿದರೂ ಅತ್ತಿತ್ತ ಬಗ್ಗಲೊಲ್ಲರು. ಚೀಲದ ಮೇಲಿಂದಲೇ ನನ್ನತ್ತ ತೋಳು ಚಾಚಿದರು.

"ಏನ್ ನೋಡ್ತೀಯೋ ಯಪ್ಪಾ, ನನ್ನ ರಕ್ತಾನೂ ತಗಿ. ಈ ಹುಡುಗನ ಸೊಕ್ಕು ನನಗೂ ಹತ್ತೇದ!"