ಕಂಪ್ಯೂಟರಿನ ಕರಡು ತಿದ್ದಿದ ಮಾಮ

ನಮ್ಮ ಮಾಮ ಊಟ ಬಿಟ್ಟಾರು, ಕಾಗುಣಿತ ಬಿಡುವವರಲ್ಲ. ಇದನ್ನು ನಾನು ಉಬ್ಬಿಸಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಚಿಗಟೇರಿಯ ಒಂದು ಮದುವೆಯಲ್ಲಿ ಅವರು ಊಟ ಬಿಟ್ಟಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಚಪ್ಪರದ ಬಾಗಿಲಿಗೆ ಕಟ್ಟಿದ್ದ ಬಟ್ಟೆಯ ಮೇಲೆ ‘ಸರ್ವರಿಗೂ ಆರ್ಥಿಕ ಸ್ವಾಗತ’ ಎಂದು ಬರೆದಿತ್ತು. ಹಾರ್ದಿಕ ಹೋಗಿ ಆರ್ಥಿಕವಾದದ್ದನ್ನು ಊರಿಗೆ ಊರೇ ದಾಟಿಕೊಂಡು ಒಳಗೆ ಹೋಗಿ ಗೋದಿ ಹುಗ್ಗಿಗೆ ಕೂತಿತ್ತು. ಮಾಮನಿಗೆ ಮಾತ್ರ ಬಾಗಿಲು ದಾಟಲು ಕಾಲೇ ಬರಲಿಲ್ಲ. ಬೀಗರು ಕೈ ಹಿಡಿದು ಎಳೆದರು, ಅತ್ತೆ ಕಣ್ಣು ಬಿಟ್ಟು ನೋಡಿದರು, ಏನೂ ಆಗಲಿಲ್ಲ. ಏಣಿ ಹುಡುಕಿ ತರಿಸಿ, ಅಡುಗೆಯವರಿಂದ ಇದ್ದಿಲು ಇಸಿದುಕೊಂಡು, ಹತ್ತಿ ತಿದ್ದಿ, ಇಳಿದು ದೂರ ನಿಂತು ನೋಡಿ, ಮತ್ತೆ ಹತ್ತಿ ‘ರ್ದಿ’ಯ ಗುಡಿಸನ್ನು ದುಂಡಗೆ ಮಾಡಿ ಇಳಿಯುವಷ್ಟರಲ್ಲಿ ಕೊನೆಯ ಪಂಕ್ತಿಯೂ ಎದ್ದಿತ್ತು. ಒಂದು ಲೋಟ ಮಜ್ಜಿಗೆ ಕುಡಿದು ಮಾಮ ಹೊಟ್ಟೆ ತುಂಬಿದವರಂತೆ ಬಸ್ಸು ಹತ್ತಿದರು.

ಮಾಮ ಎಂದರೆ ನನ್ನ ಸೋದರತ್ತೆಯ ಗಂಡ. ಹಗರಿಬೊಮ್ಮನಹಳ್ಳಿಯ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿದವರು. ಸೀಸದ ಒಂದೊಂದೇ ಅಕ್ಷರವನ್ನು ಗೂಡಿನಿಂದ ಹೆಕ್ಕಿ ಸಾಲು ಕಟ್ಟುವ ಕೆಲಸ ಅದು. ಆ ಅಕ್ಷರಗಳೋ, ಕನ್ನಡಿಯೊಳಗೆ ಕಂಡಂತೆ ತಿರುವುಮುರುವಾಗಿ ಇರುತ್ತವೆ. ಮೂವತ್ತು ವರ್ಷ ಹಾಗೆ ನೋಡಿ ನೋಡಿ ಅವರ ಕಣ್ಣಿಗೆ ತಲೆಕೆಳಗು, ಹಿಂದುಮುಂದು ಎಂಬ ಭೇದವೇ ಹೋಗಿಬಿಟ್ಟಿತ್ತು. ತೆಲಿಗಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಎದುರು ಸೀಟಿನವರು ಬಿಡಿಸಿಟ್ಟುಕೊಂಡ ಪೇಪರನ್ನು ಮಾಮ ತಲೆಕೆಳಗಾಗಿಯೇ ಓದುತ್ತ, ಅವರು ಪುಟ ಮಗುಚುವುದರೊಳಗೆ ಮೂರು ತಪ್ಪು ತೋರಿಸಿದರು. ಆ ಮನುಷ್ಯ ಪೇಪರನ್ನು ಮಾಮನ ತೊಡೆಯ ಮೇಲಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತರು.

ಇಂಥ ಕಣ್ಣಿದ್ದ ಮನುಷ್ಯನಿಗೆ ಒಂದು ದೊಡ್ಡ ಕೊರಗಿತ್ತು. ಗಿರಾಕಿ ಏನು ಬರೆದುಕೊಟ್ಟರೂ ಹಾಗೆಯೇ ಜೋಡಿಸಬೇಕೆಂಬುದು ಮುದ್ರಣಾಲಯದ ಮಾಲೀಕರ ಕಟ್ಟಪ್ಪಣೆ. ತಿದ್ದಿದರೆ ಗಿರಾಕಿಗೆ ಸಿಟ್ಟು. ಹೀಗಾಗಿ ತಪ್ಪೆಂದು ಗೊತ್ತಿದ್ದೂ ಸಾವಿರಾರು ತಪ್ಪುಗಳನ್ನು ತಮ್ಮ ಕೈಯಾರೆ ಜೋಡಿಸಿದ್ದರು. ಆ ಮಾತು ಬಂದರೆ ಸಾಕು, ಮಾಮ ಜೀವಹತ್ಯೆ ಮಾಡಿ ಬಂದವರಂತೆ ಮೆತ್ತಗಾಗುತ್ತಿದ್ದರು.

ಮುಂದೆ ಅಚ್ಚಿನ ಕೆಲಸಕ್ಕೂ ಕಂಪ್ಯೂಟರ್ ಬಂತು. ಮುದ್ರಣಾಲಯದ ಸೀಸದ ಅಕ್ಷರಗಳೆಲ್ಲ ತೂಕಕ್ಕೆ ಹೋದವು, ಮಾಮ ಮನೆಗೆ ಬಂದರು. ಮನೆಯಲ್ಲಿ ತಿದ್ದಲು ಏನಿರುತ್ತದೆ? ಮೊದಲು ಕ್ಯಾಲೆಂಡರ್ ತಿದ್ದಿದರು. ಆಮೇಲೆ ಊದಿನಕಡ್ಡಿಯ ಪೊಟ್ಟಣ, ಬೀಜದ ಚೀಲ, ಕೆಮ್ಮಿನ ಔಷಧದ ಶೀಸೆ. ಪಕ್ಕದ ಮನೆಯವರು ಗೃಹಪ್ರವೇಶದ ಪತ್ರ ಕೊಡಲು ಬಂದರೆ ಅವರನ್ನು ಕೂರಿಸಿಕೊಂಡು, ಕೆಂಪು ಪೆನ್ಸಿಲ್ಲಿನಿಂದ ತಿದ್ದಿ, ಪತ್ರವನ್ನು ಅವರ ಕೈಗೇ ವಾಪಸು ಕೊಟ್ಟರು. ಮರುದಿನ ಅತ್ತೆ ನನ್ನ ಹತ್ತಿರ ಬಂದರು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಗಳಾಗಿದ್ದ ಕಾಲ. ಸ್ಟೇಷನ್ ರಸ್ತೆಯಲ್ಲಿ ನಾನೊಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆ. ಕೇಂದ್ರವೆಂದರೆ ನಾಲ್ಕು ಕಂಪ್ಯೂಟರ್. ಕರೆಂಟು ಇದ್ದರೆ ಮೂರು, ಇಲ್ಲದಿದ್ದರೆ ಒಂದೂ ಇಲ್ಲ.

“ನಿಮ್ಮ ಮಾಮನ್ನ ನಿನ್ನ ಕಂಪ್ಯೂಟರ್ ಸಾಲಿಗೆ ಕರಕೊಂಡು ಹೋಗವ್ವ” ಎಂದರು ಅತ್ತೆ. “ಮನ್ಯಾಗ ಇನ್ನ ತಿದ್ದಾಕ ಉಳಿದಾಕಿ ನಾ ಒಬ್ಬಾಕೆ.”

ಹೀಗೆ ಮಾಮ ನನ್ನ ಕೇಂದ್ರಕ್ಕೆ ಬಂದು ಮೂಲೆಯ ಕಂಪ್ಯೂಟರಿನ ಮುಂದೆ ಕೂತರು. ಇಲಿ ಹಿಡಿಯಲು ಹೇಳಿಕೊಟ್ಟೆ, ಪುಟ ಸರಿಸಲು ಹೇಳಿಕೊಟ್ಟೆ. ಕೀಲಿಮಣೆ ಮುಟ್ಟಲು ಅವರು ಒಪ್ಪಲಿಲ್ಲ. ತಾವು ತಿದ್ದುವವರೇ ಹೊರತು ಬರೆಯುವವರಲ್ಲ ಎಂದರು.

ಆಗ ನನ್ನಲ್ಲಿ ಕನ್ನಡದಲ್ಲಿ ಬರೆಯಬಹುದಾದ ಒಂದು ಮುಕ್ತ ತಂತ್ರಾಂಶವಿತ್ತು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಬದಲಿಸಬಹುದು. ಅದನ್ನು ಬಳಸುವ ಬಗೆಯನ್ನು ವಿವರಿಸುವ ಸಹಾಯ ಪುಟಗಳನ್ನೂ ಯಾರೋ ಪುಣ್ಯಾತ್ಮರು ಬಿಡುವಿನ ವೇಳೆಯಲ್ಲಿ ಕನ್ನಡಕ್ಕೆ ತಂದಿದ್ದರು. ಪಾಠ ಮಾಡುವ ನಾನು ಆ ಪುಟಗಳನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಮಾಮ ತೆರೆದರು. ಹತ್ತು ನಿಮಿಷಕ್ಕೆ ನನ್ನನ್ನು ಕರೆದು ಪರದೆಯ ಮೇಲೆ ಬೆರಳಿಟ್ಟರು. ‘ಪುಟವನ್ನು ಮುದ್ದಿಸಲು ಈ ಗುಂಡಿಯನ್ನು ಒತ್ತಿ’ ಎಂದಿತ್ತು. ಮುದ್ರಿಸಬೇಕಾದ್ದನ್ನು ಮುದ್ದಿಸಲು ಹೊರಟಿದ್ದ ಆ ಸಾಲನ್ನು ನೋಡಿ ನಾನು ನಕ್ಕೆ. ಮಾಮ ನಗಲಿಲ್ಲ. ಇದರ ಮಾಲೀಕರು ಯಾರೆಂದು ಕೇಳಿದರು.

ಮಾಲೀಕರು ಯಾರೂ ಇಲ್ಲ, ಊರೂರಿನ ಜನ ಸೇರಿ ಮಾಡಿದ್ದು, ತಪ್ಪು ಕಂಡವರು ಬರೆದು ತಿಳಿಸಿದರೆ ಅವರು ಸರಿಪಡಿಸುತ್ತಾರೆ ಎಂದು ವಿವರಿಸಿದೆ.

ಮಾಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಯಾರ್ ಬೇಕಾದ್ರೂ ತಿದ್ದಬಹುದು?”

“ಹೌದು ಮಾಮ.”

“ಸಿಟ್ಟಾಗಂಗಿಲ್ಲ?”

“ಇಲ್ಲ. ಉಪಕಾರ ಆತು ಅಂತಾರ.”

ಮಾಮ ಎದ್ದು ಹೋಗಿ, ಮುಖ ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು ಬಂದು ಕೂತರು. ತಪ್ಪು ತಿದ್ದಲು ಜಗತ್ತೇ ಕೈಮುಗಿದು ಕರೆಯುವ ಒಂದು ಜಾಗ ಇದೆಯೆಂದು ಅವರಿಗೆ ಅರವತ್ತೊಂದನೇ ವಯಸ್ಸಿನಲ್ಲಿ ಗೊತ್ತಾಯಿತು ನೋಡಿ!

ಆಮೇಲಿನ ಎರಡು ತಿಂಗಳು ನಾನು ಕಂಡದ್ದನ್ನು ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ. ಪರದೆಯ ಮೇಲೆ ತಪ್ಪು ಓಡಿಹೋಗುತ್ತದೆ, ಕಾಗದದ ಮೇಲಾದರೆ ಕೂತಿರುತ್ತದೆ ಎಂದು ಹೇಳಿ ಎಲ್ಲ ಪುಟಗಳನ್ನೂ ಕರಡಾಗಿ ತೆಗೆಸಿಕೊಂಡರು. ನನ್ನ ಹಳೇ ಮುದ್ರಕ ಎರಡು ದಿನ ಕಿರ್ರೆಂದು ಅಳುತ್ತ ಪುಟ ಹಡೆಯಿತು. ಮಾಮ ಓದಿದ್ದು ಕೊನೆಯ ಪುಟದ ಕೊನೆಯ ಪದದಿಂದ ಹಿಂದಕ್ಕೆ. ಹಾಗೇಕೆಂದರೆ, ಮುಂದಿನಿಂದ ಓದಿದರೆ ಮನಸ್ಸು ಅರ್ಥದ ಬೆನ್ನು ಹತ್ತಿ ಅಕ್ಷರವನ್ನು ಬಿಟ್ಟು ಓಡುತ್ತದಂತೆ. ಹಿಂದಿನಿಂದ ಓದಿದರೆ ಅರ್ಥವೇ ಇಲ್ಲ, ಬರೀ ಅಕ್ಷರ. ರಟ್ಟಿನ ಪಟ್ಟಿಯೊಂದನ್ನು ಸಾಲಿನ ಕೆಳಗಿಟ್ಟು ಸರಿಸುತ್ತ ಹೋಗುತ್ತಿದ್ದರು. ಅಲ್ಪಪ್ರಾಣವಾಗಬೇಕಾದಲ್ಲಿ ಮಹಾಪ್ರಾಣವಿದ್ದರೆ ಕಾಲಿಗೆ ಮುಳ್ಳು ಚುಚ್ಚಿದವರಂತೆ ನಿಲ್ಲುತ್ತಿದ್ದರು. ಅಲ್ಲಿ ಬರೆದಿದ್ದ ಯಾವ ಕೆಲಸವೂ ಅವರಿಗೆ ತಿಳಿಯದು. ಕಡತ ಎಂದರೇನೆಂದು ಕೇಳಿದರೆ ‘ಕ, ಡ, ತ, ಮೂರೂ ಸರಿ ಅದಾವ’ ಎನ್ನುತ್ತಿದ್ದರು. ಅರ್ಥವಾಗದ ಒಂದು ಶಾಸ್ತ್ರದ ಮೇಲೆ ಅಷ್ಟು ಶ್ರದ್ಧೆಯಿಂದ ಬಗ್ಗಿ ಕೂತ ಮನುಷ್ಯನನ್ನು ನೋಡುತ್ತ ನಾನೇ ಎಷ್ಟೋ ಸಲ ಪಾಠ ನಿಲ್ಲಿಸಿಬಿಟ್ಟಿದ್ದೇನೆ.

ಸಿಕ್ಕ ತಪ್ಪುಗಳು ನೂರ ಎಂಬತ್ತೇಳು. ಎಲ್ಲವನ್ನೂ ‘ಅಶುದ್ಧ’, ‘ಶುದ್ಧ’ ಎಂಬ ಎರಡು ಸಾಲು ಮಾಡಿ ಬರೆದುಕೊಟ್ಟರು. ನಾನು ಬೆರಳಚ್ಚು ಮಾಡಿ, ಫೋನಿನ ತಂತಿಯ ಮೂಲಕ ಕುಂಟುತ್ತಿದ್ದ ಇಂಟರ್ನೆಟ್ಟಿನಲ್ಲಿ ಆ ಗುಂಪಿಗೆ ಕಳಿಸಿದೆ. ನಾಲ್ಕನೇ ದಿನ ಉತ್ತರ ಬಂತು. ಯಾರೋ ಒಬ್ಬ ಯುವತಿ ಬರೆದಿದ್ದರು. ಇಷ್ಟು ನಿಗಾ ಇಟ್ಟು ಯಾರೂ ಓದಿರಲಿಲ್ಲ, ಎಲ್ಲವನ್ನೂ ಸರಿಪಡಿಸಿದ್ದೇವೆ, ‘ಧನ್ಯವಾಧಗಳು’ ಎಂದಿತ್ತು. ಮಾಮ ಆ ಪತ್ರವನ್ನು ಮೂರು ಸಲ ಓದಿ ಕಣ್ಣೊರೆಸಿಕೊಂಡರು. ಆಮೇಲೆ ಕೊನೆಯ ‘ಧ’ವನ್ನು ‘ದ’ ಮಾಡಿ ವಾಪಸು ಕಳಿಸಲು ಹೇಳಿದರು.

ತಿದ್ದಿದ ಮೊದಲ ಪುಟವನ್ನು ಅವರೇ ಗೋಡೆಗೆ ಅಂಟಿಸಿದರು. ಕೇಂದ್ರಕ್ಕೆ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, ಒಂದು ತಪ್ಪು ಹುಡುಕಿ ನೋಡೋಣ ಎನ್ನುವರು. ಯಾರಿಗೂ ಸಿಗಲಿಲ್ಲ. ನನಗೂ.

ಆಗ ನಮ್ಮಲ್ಲಿ ಕಲಿಯಲು ಬರುತ್ತಿದ್ದವರಲ್ಲಿ ಒಬ್ಬರು ಪಂಪ್‌ಸೆಟ್ ರಿಪೇರಿ ಮಾಡುವ ಮೆಕ್ಯಾನಿಕ್. ಐವತ್ತು ದಾಟಿದವರು, ಊರೆಲ್ಲ ಚಾಚಾ ಎನ್ನುತ್ತಿತ್ತು. ಸುತ್ತಲಿನ ಹಳ್ಳಿಗಳ ಕೆಟ್ಟ ಮೋಟಾರುಗಳೆಲ್ಲ ಅವರ ಕೈಗೇ ಬರುತ್ತಿದ್ದವು. ಮೋಟಾರಿನ ಸದ್ದು ಕೇಳಿಯೇ ರೋಗ ಹೇಳುವುದು ಹೇಗೆ ಎಂಬುದನ್ನು ಒಂದು ಪುಸ್ತಕದಂತೆ ಬರೆದಿಡಬೇಕೆಂಬುದು ಅವರ ಆಸೆ. ದಿನಕ್ಕೆ ಒಂದು ಗಂಟೆ, ಒಂದೇ ಬೆರಳಿನಲ್ಲಿ, ಒಂದೂವರೆ ತಿಂಗಳು ಬಡಿದು ಹದಿಮೂರು ಪುಟ ಮಾಡಿದ್ದರು. ಪ್ರತಿದಿನ ಕೆಲಸ ಮುಗಿದ ಮೇಲೆ ಅದನ್ನು ಕಾಪಾಡಿಡುವ ಗುಂಡಿ ಒತ್ತುತ್ತಿದ್ದವಳು ನಾನು.

ಒಂದು ದಿನ ನಾನು ಕೆಲಸದ ಮೇಲೆ ಹರಪನಹಳ್ಳಿಗೆ ಹೋಗಬೇಕಾಯಿತು. ಸಂಜೆ ಬಂದಾಗ ಚಾಚಾ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದರು. ಮಾಮ ಗೋಡೆಯ ಮುಂದೆ ನಿಂತಿದ್ದರು. ಹದಿಮೂರು ಪುಟವೂ ಇರಲಿಲ್ಲ.

ನಾನಿಲ್ಲವೆಂದು ಚಾಚಾ ಗೋಡೆಯ ಮೇಲಿನ ಪುಟ ನೋಡಿಕೊಂಡು ಅದರಂತೆಯೇ ಮಾಡಿದ್ದರು. ‘ಬರೆದು ಮುಗಿಸಿದ ನಂತರ ಕಡತವನ್ನು ಅಳಿಸಿ, ಹೊರಬನ್ನಿ’ ಎಂದಿತ್ತು. ಉಳಿಸಿ ಎಂದಿರಬೇಕಾಗಿತ್ತು. ತಂತ್ರಾಂಶದ ಪಟ್ಟಿಯಲ್ಲಿ ‘ಉಳಿಸು’, ‘ಅಳಿಸು’ ಎರಡೂ ಒಂದರ ಕೆಳಗೊಂದು ಇದ್ದವು. ನಿಜವಾಗಿಯೂ ಅಳಿಸಬೇಕೇ ಎಂದು ಅದು ಕೇಳಿತಂತೆ. ಇಷ್ಟು ಸರಿಯಾಗಿ ತಿದ್ದಿದ ಪುಟ ಹೇಳುತ್ತಿದೆಯಲ್ಲ ಎಂದು ಚಾಚಾ ಹೌದು ಎಂದು ಒತ್ತಿದ್ದರು. ನನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿ ನೋಡಿದೆ, ಏನೂ ಸಿಗಲಿಲ್ಲ. ನಾನೂ ಆ ಸಾಲನ್ನು ದಿನಾ ನೋಡಿದವಳೇ. ಗೊತ್ತಿದ್ದ ವಿಷಯವಾದ್ದರಿಂದ ಕಣ್ಣು ತಾನೇ ‘ಉಳಿಸಿ’ ಎಂದು ಓದಿಕೊಂಡುಬಿಟ್ಟಿತ್ತು.

ಚಾಚಾ ಯಾರನ್ನೂ ಬಯ್ಯಲಿಲ್ಲ. “ಹಾಳ್ಯಾಗಿಂದು ಹೋಗೈತಿ, ತಲ್ಯಾಗಿಂದು ಹೋಗಿಲ್ಲಲ್ರಿ” ಎಂದು ಎದ್ದು ಹೋದರು. ಬಯ್ದಿದ್ದರೆ ಚೆನ್ನಾಗಿತ್ತು.

ಮಾಮ ಆ ಪುಟವನ್ನು ಗೋಡೆಯಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡರು. ಅಕ್ಷರದಲ್ಲಿ ತಪ್ಪಿರಲಿಲ್ಲ, ಅದು ನಿಮಗೆ ಗೊತ್ತಾಗುವಂಥದ್ದಲ್ಲ, ಬಿಡಿ ಮಾಮ ಎಂದೆ. ಅವರು ಬಾಯಿಬಿಟ್ಟಾಗ ನಾನು ಎಂದೂ ಕೇಳಿರದ ಸಂಗತಿ ಹೊರಬಂತು.

ಯುವತಿಯ ಪತ್ರ ಬಂದ ದಿನ ಮಾಮ ಹಿಗ್ಗಿನಿಂದ ಈ ಪುಟವನ್ನು ಮನೆಗೆ ಒಯ್ದಿದ್ದರಂತೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಅತ್ತೆಗೆ ಓದು ಬರದು, ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುವವರು. ಅವರ ಮುಂದೆ ಕೂತು ಮಾಮ ಮೊದಲ ಸಲ ಪುಟವನ್ನು ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದಿದರು. ಆ ಸಾಲು ಬಂದಾಗ ಅತ್ತೆಯ ಕೈ ನಿಂತಿತು. ಅಷ್ಟೆಲ್ಲ ಬರೆದು ಮುಗಿಸಿದ ಮೇಲೆ ಅಳಿಸುವುದಾದರೆ ಬರೆಯುವುದಾದರೂ ಯಾಕೆ ಎಂದು ಕೇಳಿದರು. ಅಕ್ಷರ ಬರದವಳಿಗೆ ಇದೆಲ್ಲ ತಿಳಿಯುವುದಿಲ್ಲ, ಸುಮ್ಮನಿರು ಎಂದು ಮಾಮ ಮುಂದೆ ಓದಿದರು. ಅತ್ತೆ ಮತ್ತೆ ರೊಟ್ಟಿ ಬಡಿಯತೊಡಗಿದರು.

“ಆಕಿಗೆ ಓದಾಕ ಬರಂಗಿಲ್ಲ ಅಂದ್ನೆವ್ವ ನಾ” ಎಂದರು ಮಾಮ. “ಓದಾಕ ಬರಲಾರದ್ದು ನನಗ.”

ಮೂರು ದಿನ ಮಾಮ ಬರಲಿಲ್ಲ. ಕೆಂಪು ಪೆನ್ಸಿಲ್ ಮುಟ್ಟಿಲ್ಲ, ಪೇಪರನ್ನೂ ನೋಡುತ್ತಿಲ್ಲ ಎಂದು ಅತ್ತೆ ಹೇಳಿ ಕಳಿಸಿದರು. ನನಗೆ ದಿಗಿಲಾಯಿತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಮಾಮ ಚಾಚಾರನ್ನು ಅವರ ಅಂಗಡಿಯಿಂದಲೇ ಕರೆದುಕೊಂಡು ಬರುತ್ತಿದ್ದಾರೆ. ಚಾಚಾರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಬರೆಯುವವನಲ್ಲ ಎಂದಿದ್ದ ಆ ಮನುಷ್ಯ ಕೀಲಿಮಣೆಯ ಮೇಲೆ ಕೈಯಿಟ್ಟರು. ಅಕ್ಷರಗಳ ಜಾಗ ತೋರಿಸಿಕೊಟ್ಟೆ. ಒಂದು ಸಲ ಸಾಕಾಯಿತು. ನೂರಾರು ಗೂಡುಗಳಿಂದ ಕಣ್ಣು ಮುಚ್ಚಿ ಮೊಳೆ ಹೆಕ್ಕುತ್ತಿದ್ದ ಬೆರಳುಗಳು ಎರಡನೇ ವಾರಕ್ಕೆ ನನ್ನ ಬೆರಳುಗಳನ್ನು ಹಿಂದೆ ಹಾಕಿದವು. ಚಾಚಾ ಹೇಳುವುದು, ಮಾಮ ಬಡಿಯುವುದು. ಮೋಟಾರು ‘ಗೊರ್’ ಎನ್ನುತ್ತದೋ ‘ಘೊರ್’ ಎನ್ನುತ್ತದೋ ಎಂದು ಇಬ್ಬರಿಗೂ ಒಂದಿಡೀ ಮಧ್ಯಾಹ್ನ ವಾದವಾಯಿತು. ಕೊನೆಗೆ ಇಬ್ಬರೂ ಎದ್ದು ಹೋಗಿ ಒಂದು ಕೆಟ್ಟ ಮೋಟಾರಿನ ಮುಂದೆ ಕೂತು ಕೇಳಿ ಬಂದರು. ಮಹಾಪ್ರಾಣವೇ ಸರಿಯೆಂದು ತೀರ್ಮಾನವಾಯಿತು! ಹದಿಮೂರು ಪುಟದ ಪುಸ್ತಕ ಇಪ್ಪತ್ತೆರಡು ಪುಟವಾಯಿತು. ದಿನದ ಕೆಲಸ ಮುಗಿದ ಮೇಲೆ ಮಾಮ ‘ಉಳಿಸು’ ಎಂಬುದನ್ನು ಬಾಯಿಬಿಟ್ಟು ಓದಿ, ಚಾಚಾರಿಂದಲೂ ಓದಿಸಿ, ಆಮೇಲೆ ಒತ್ತುತ್ತಿದ್ದರು.

ಸಹಾಯ ಪುಟಗಳ ಕೆಲಸವೂ ಮತ್ತೆ ಶುರುವಾಯಿತು, ಈ ಸಲ ಬೇರೆ ರೀತಿಯಲ್ಲಿ. ಮೊದಲು ಹಿಂದಿನಿಂದ ಅಕ್ಷರ. ಅದು ಮುಗಿದ ಪುಟ ಮನೆಗೆ ಹೋಗುವುದು. ಬೆಳಿಗ್ಗೆ ಒಲೆಯ ಮುಂದೆ ಮಾಮ ಗಟ್ಟಿಯಾಗಿ ಓದುವರು, ಅತ್ತೆ ರೊಟ್ಟಿ ಬಡಿಯುತ್ತ ಕೇಳುವರು. ರೊಟ್ಟಿಯ ಸದ್ದು ನಿಂತರೆ ಮಾಮನೂ ನಿಲ್ಲಬೇಕು, ಅಲ್ಲಿ ಏನೋ ಎಡವಟ್ಟಿದೆ ಎಂದೇ ಅರ್ಥ. ಒಮ್ಮೆಯೂ ಕಂಪ್ಯೂಟರ್ ಕಂಡಿರದ ಹೆಂಗಸು ಎಲ್ಲಿ ಮಾತು ತಿರುಗಾಮುರುಗಾ ಆಗಿದೆ, ಎಲ್ಲಿ ಮೊದಲು ಮಾಡಬೇಕಾದ್ದನ್ನು ಆಮೇಲೆ ಹೇಳಿದ್ದಾರೆ ಎಂದು ಹಿಟ್ಟಿನ ಕೈಯಲ್ಲೇ ಹೇಳುತ್ತಿದ್ದರು. ಹಾಗೆ ಇಪ್ಪತ್ತಾರು ಜಾಗ ಸಿಕ್ಕಿದವು. ನೂರ ಎಂಬತ್ತೇಳಕ್ಕಿಂತ ಈ ಇಪ್ಪತ್ತಾರೇ ದೊಡ್ಡವು ಎಂದು ಆ ಯುವತಿಯೂ ಬರೆದರು. ತಂತ್ರಾಂಶದ ಜೊತೆಗೆ ಬರುವ ನೆರವಾದವರ ಪಟ್ಟಿಯಲ್ಲಿ ಸೇರಿಸಲು ಮಾಮನ ಹೆಸರು ಕೇಳಿದರು.

ಮಾಮ ಹೆಸರು ಬರೆದ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಕಾಗುಣಿತ ಕೆಡದಂತೆ ಕಳಿಸಬೇಕೆಂದು ಎರಡು ಸಲ ಹೇಳಿದರು. ಅದರಲ್ಲಿದ್ದ ಹೆಸರು ಕೊಟ್ರಮ್ಮ.

ಹೊಸ ಆವೃತ್ತಿ ಬಂದ ದಿನ ಅತ್ತೆಯನ್ನು ಕೇಂದ್ರಕ್ಕೆ ಕರೆಸಿದೆ. ಸೆರಗು ಹೊದ್ದು, ಯಾರದೋ ಮನೆಯ ಶುಭಕಾರ್ಯಕ್ಕೆ ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತರು. ಪಟ್ಟಿ ತೆರೆದು, ಆ ಸಾಲಿಗೆ ತಂದು ನಿಲ್ಲಿಸಿದೆ. ಇದೇ ನಿಮ್ಮ ಹೆಸರು ಎಂದೆ. ಅತ್ತೆ ಪರದೆಯನ್ನು ಮುಟ್ಟಲು ಹೋಗಿ, ಕೈ ಹಿಂದಕ್ಕೆ ತೆಗೆದುಕೊಂಡು, ಮಾಮನ ಕಡೆ ತಿರುಗಿದರು.

“ತಪ್ಪಿಲ್ಲದಂಗ ಬರದಾರೇನ್ರಿ?”

ಬಸ್ಸಿನಲ್ಲಿ ಎದುರಿನವರ ಪೇಪರನ್ನು ತಲೆಕೆಳಗಾಗಿ ಓದಿದ್ದ ನಮ್ಮ ಮಾಮ ಆ ಮೂರಕ್ಷರದ ಮುಂದೆ ಬಗ್ಗಿ ನಿಂತರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ತಡಿಯಬೇ” ಎಂದರು. “ನನಗ ಕಾಣವಲ್ದು.”