ತಾಜ್ ಪಾಷಾನ ವಾಲ್ವ್ ಸ್ವಿಚ್ಚು

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ತಾಜ್ ಪಾಷಾನಿಗೆ ಯಾವ ಯಂತ್ರದ ಮೇಲೂ ನಂಬಿಕೆಯಿಲ್ಲ. ನಂಬಿಕೆಯೆಲ್ಲ ತನ್ನ ಬೆರಳುಗಳ ಮೇಲೆ. ಗೂಡು ಬೆಂದ ಹದವನ್ನು ಮೂವತ್ತು ವರ್ಷ ಬಿಸಿನೀರಿಗೆ ಅದ್ದಿ ಹೇಳಿದ ಬೆರಳುಗಳವು. (ಹೆಂಡತಿ ಮುನ್ನೀ ಮಾಡುವ ಸಾರಿಗೂ ಅದ್ದಿ ಬೈಸಿಕೊಳ್ಳುತ್ತಿದ್ದ.)

ಅವನ ಹಳೇ ಕಾರಿನ ಎಂಜಿನ್ ಕೆಟ್ಟಾಗ ಮೆಕ್ಯಾನಿಕ್ ಸಾಬೀರ್ ಹೊಸ ಕಾಲದ ಎಂಜಿನ್ ಕೂರಿಸಿದ.

"ಪಾಷಾ ಭಾಯ್, ವೇಗ ಹೆಚ್ಚಿದಾಗ ಇದರ ವಾಲ್ವು ಒಸಿ ಮುಂಚೆ ತೆರ್ಕೋಬೇಕು. ಆಯಿಲ್ ಒತ್ತಡ ಆ ಕೆಲಸ ಮಾಡ್ತದೆ. ಯಾವಾಗ ಅಂತ ಹೇಳೋಕೆ ಇದರದ್ದೇ ಕಂಪ್ಯೂಟರ್ ಬೇಕು. ನಿಮ್ಮ ಕಾರಿನ ಹಳೇ ಕಂಪ್ಯೂಟರಿಗೆ ಅದು ಗೊತ್ತಿಲ್ಲ."

"ಹದ ನೋಡೋಕೆ ಕಂಪ್ಯೂಟರ್ ಯಾಕ್ಲಾ? ಒಂದು ಸ್ವಿಚ್ ಇಡು. ನಾನ್ ನೋಡ್ಕತೀನಿ."

"ಜೋರಾಗಿ ಓಡುವಾಗ ಮಾತ್ರ ಹಾಕಿ. ನಿಧಾನ ಆದ್ರೆ ಆರಿಸಿ. ಇಲ್ದಿದ್ರೆ ನಡುಗಿ ನಿಂತೋಯ್ತದೆ." ಇದನ್ನು ಕೇಳಿಸಿಕೊಂಡವಳು ಮುನ್ನೀ ಮಾತ್ರ.

ಹೀಗೆ ವಾಲ್ವಾಧಿಪತಿಯಾಗಿ ಎರಡು ವಾರ ಕಳೆದಿರಲಿಲ್ಲ, ಮಾಗಡಿಯಿಂದ ಫೋನ್ ಬಂತು. ಅಣ್ಣ ಹೋಗಿಬಿಟ್ಟಿದ್ದ. ಅಪ್ಪ ಸತ್ತ ಮೇಲೆ ಇವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಅಣ್ಣ. ಮಧ್ಯಾಹ್ನದ ನಮಾಜಾದ ಕೂಡಲೇ ಮಣ್ಣು. "ಕೊನೇ ಸಲ ಮುಖ ನೋಡ್ದೇ ಇದ್ರೆ ನಾನೂ ಒಬ್ಬ ತಮ್ಮನಾ?" ಎಂದು ಅಳುತ್ತಲೇ ಮುನ್ನೀಯೊಂದಿಗೆ ಕಾರು ಹತ್ತಿದ.

ಊರು ದಾಟುತ್ತಲೇ ಮೊದಲ ಸಲ ಸ್ವಿಚ್ ಒತ್ತಿದ. ಕಾರು ಹಾರಿತು. ಮೊದಲ ಹಳ್ಳಿಯ ರಸ್ತೆ ಹಂಪಿನಲ್ಲಿ ನಿಧಾನ ಮಾಡಿದ್ದೇ ತಡ, ಗಡಗಡ ನಡುಗಿ ನಿಂತಿತು.

"ರೀ, ಸ್ವಿಚ್ ಆರಿಸ್ರಿ."

"ಪೆಟ್ರೋಲಿಗೆ ನೀರು ಬೆರ್ಸವ್ರೆ ಕಣೇ!"

ಎರಡನೇ ಹಂಪಿನಲ್ಲಿ ಬ್ಯಾಟರಿಯನ್ನು ಬೈದ, ಮೂರನೆಯದರಲ್ಲಿ ಸಾಬೀರನ ವಂಶವನ್ನು. ನಾಲ್ಕನೆಯದರಲ್ಲಿ ಮುನ್ನೀಯೇ ಕೈ ಚಾಚಿ ಆರಿಸಿದಳು. ಎಂಜಿನ್ ಹಾಲು ಕುಡಿದ ಮಗುವಿನಂತೆ ಸುಮ್ಮನಾಗಿ ಓಡತೊಡಗಿತು.

"ಯಾರನ್ನ ಕೇಳಿ ಮುಟ್ದೆ? ಮುಂದೆ ಏರು ಐತೆ!" ಎಂದು ಮತ್ತೆ ಹಾಕಿದ. ಏರಿನಲ್ಲಿ ಹುಲ್ಲಿನ ಲಾರಿಯೊಂದು ತೆವಳುತ್ತಿತ್ತು. ಅದರ ಹಿಂದೆ ಕಾರು ಮತ್ತೆ ನಿಂತಿತು. ಸ್ಟಾರ್ಟ್ ಮಾಡಿ ಮಾಡಿ ಬ್ಯಾಟರಿಯೂ ಪ್ರಾಣ ಬಿಟ್ಟಿತು. ಅಷ್ಟರಲ್ಲಿ ಮಾಗಡಿ ಬಸ್ಸು ಬಂತು.

"ಬನ್ನಿ, ಬಸ್ಸಲ್ಲಿ ಹೋಗವಾ," ಎಂದಳು ಮುನ್ನೀ.

"ಕಾರ್ ಬುಟ್ಟು ಬಸ್ಸಲ್ಲಾ? ನೀನ್ ಹೋಗು. ನಿನ್ಗಿಂತ ಮುಂಚೆ ಬತ್ತೀನಿ, ನೋಡ್ತಿರು." ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮುನ್ನೀ ಒಬ್ಬಳೇ ಬಸ್ಸು ಹತ್ತಿದಳು.

ಕೊನೆಗೆ ವಾಲ್ವ್ ಚಕ್ರವರ್ತಿಗಳು ಟ್ರ್ಯಾಕ್ಟರಿಗೆ ಕಟ್ಟಿದ ಹಗ್ಗದ ಹಿಂದೆ ಮಾಗಡಿ ಪ್ರವೇಶಿಸಿದರು. ಗಂಡಸರು ಕೈಗೆ ಅಂಟಿದ ಮಣ್ಣು ತೊಳೆಯುತ್ತಿದ್ದರು. ಅಣ್ಣನ ಮಗ ವಾಸಿಂ ಎದ್ದು ಬಂದ.

"ಒಂದು ಗಂಟೆ ಕಾದ್ವಿ ಚಾಚಾ. ದೂರದಿಂದ ಬರೋರೆಲ್ಲ ಬಂದ್ರು. ನಿಮ್ಮತ್ರ ಕಾರ್ ಐತೆ, ಬಂದೇ ಬತ್ತಾರೆ ಅಂತ ನಾನೇ ನಿಲ್ಸಿದ್ದೆ."

ತಾಜ್ ಪಾಷಾ ಹೆಂಗಸರ ನಡುವಿನಿಂದ ಮುನ್ನೀಯನ್ನು ಹೊರಗೆ ಕರೆದ. ಅವಳ ಕಣ್ಣು ಊದಿಕೊಂಡಿದ್ದವು.

"ನೋಡಿದ್ಯಾ?"

"ನೋಡ್ದೆ."

"ಹೆಂಗಿದ್ರು ಭಾಯಿಜಾನ್?"

ಮುನ್ನೀ ಹೇಳಿದಳು: ಗಡ್ಡ ಬಾಚಿದ್ದರು, ಕಣ್ಣು ಚೆನ್ನಾಗಿ ಮುಚ್ಚಿದ್ದವು, ತುಟಿ ಒಸಿ ಬಿಚ್ಚಿತ್ತು, ಯಾರನ್ನೋ ಕೂಗೋಕೆ ಹೊರಟಂತೆ. ತಾಜ್ ಪಾಷಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳಿದ.

"ಇನ್ನೊಂದ್ ಸಲ ಹೇಳು," ಎಂದ.