ಸಂಕಟದ ಆಚೆ ಚುಚ್ಚಿದ ಬಾಣ

ಜಗಳ ಒಂದು ಕಾಗದದ ಬಾಣದ್ದು. ನಾಗಪುರದ ಹತ್ತಿರ, ಖಾಪರಖೇಡಾದ ವಿದ್ಯುತ್ ಕಾಲೊನಿಯಲ್ಲಿ ಕನ್ನಡ ಕ್ರೈಸ್ತರು ಪ್ರಾರ್ಥನೆಗೆ ಸೇರುವ ಕೋಣೆಯ ಗೋಡೆಗೆ ಏಳು ಯುಗಗಳ ಬಟ್ಟೆ ಪಟ ತೂಗುತ್ತಿತ್ತು. ಏದೆನ್ ತೋಟದಿಂದ ಹೊರಟು, ಮೋಶೆಯ ಧರ್ಮಶಾಸ್ತ್ರ ದಾಟಿ, ಈಗ ನಡೆದಿರುವ ಕೃಪೆಯ ಯುಗ, ಆಮೇಲೆ ಮಹಾಸಂಕಟ, ಕೊನೆಗೆ ಸಾವಿರ ವರ್ಷದ ರಾಜ್ಯ. ದೇವರು ತನ್ನ ಸಭೆಯನ್ನು, ಅಂದರೆ ನಂಬಿದವರನ್ನು, ಇದ್ದಕ್ಕಿದ್ದಂತೆ ಮೇಲಕ್ಕೆ ಎತ್ತಿಕೊಳ್ಳುವ ಬಾಣವನ್ನು ಸಭೆಯ ಹಿರಿಯರಾದ ಹಿರಿಯಣ್ಣ ಸಂಕಟಕ್ಕೆ ಮೊದಲೇ ಚುಚ್ಚಿದ್ದರು. ಭಾನುವಾರ ಪಾಠ ಹೇಳುತ್ತಿದ್ದ ಬಾಬು ಅದನ್ನು ಕಿತ್ತು ಸಂಕಟದ ಆಚೆ ಚುಚ್ಚಿದ.

ಹಿರಿಯಣ್ಣ ಅಲ್ಲೇ ತೀರ್ಪು ಕೊಟ್ಟರು: ಶನಿವಾರದೊಳಗೆ ಅವನೇ ಬಾಣ ಹಿಂದಕ್ಕೆ ಚುಚ್ಚಿ ತಪ್ಪೊಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಬೈಬಲ್ ವರ್ಗ ಬೇರೆಯವರಿಗೆ. ಬಾಬುವಿಗೆ ಮೈ ಉರಿಯಿತು. ಬಾಯ್ಲರ್ ಹತ್ತಿರ ವಾರವಿಡೀ 'ಏ ಬಾಬು' ಎನ್ನಿಸಿಕೊಳ್ಳುವವನನ್ನು ಜನ 'ಮಾಸ್ತರ್ರ' ಎನ್ನುತ್ತಿದ್ದದ್ದು ಆ ಒಂದು ವರ್ಗದಲ್ಲಿ ಮಾತ್ರ.

ಶನಿವಾರ ಬೆಳಗ್ಗೆ ರಾತ್ರಿ ಪಾಳಿ ಮುಗಿಸಿ ಬಂದವನು ಘಾಟಿ ಹತ್ತುವ ಲಾರಿಯಂತೆ ಬೊಬ್ಬಿಡುವ ಕೂಲರ್ ಮುಂದೆ ಉರುಳಿಕೊಂಡ. ಮಧ್ಯಾಹ್ನ ಎದ್ದರೆ ಮಣೆಯ ಮೇಲೆ ಅರ್ಧ ಲಟ್ಟಿಸಿದ ಚಪಾತಿ. ಹೆಂಡತಿ ದಮಯಂತಿ ಇಲ್ಲ. ಹೊರಗೆ ಸಭೆಯ ಪೊನ್ನಪ್ಪನ ಸ್ಕೂಟರ್ ಕೀಲಿ ಸಮೇತ ಅಡ್ಡಬಿದ್ದಿತ್ತು. ಪಕ್ಕದ ಸತ್ಯಭಾಮಾಬಾಯಿಯ ಮನೆಯಲ್ಲಿ ಟಿವಿ ತನಗೆ ತಾನೇ ಮಾತಾಡುತ್ತಿತ್ತು. ಎಷ್ಟು ಕೂಗಿದರೂ ಯಾರೂ ಓಗೊಡಲಿಲ್ಲ.

ಹಾಗಾದರೆ ಹಿರಿಯಣ್ಣ ಹೇಳಿದ್ದೇ ನಿಜ. ಸಂಕಟಕ್ಕೆ ಮೊದಲೇ ಎತ್ತಿಕೊಂಡಾಗಿದೆ. ಬಾಬುವಿಗೆ ಮೊದಲು ಭಯವಾಯಿತು, ಹಿಂದೆಯೇ ಸಿಟ್ಟು ಓಡಿ ಬಂದು ಭಯವನ್ನು ಹಿಂದೆ ಹಾಕಿತು. ಪ್ರಾರ್ಥನೆಯಲ್ಲಿ ಗೊರಕೆ ಹೊಡೆಯುವ ಪೊನ್ನಪ್ಪ ಹೋದನೆ? ಮನೆಯಲ್ಲಿ ಗಣಪತಿ ಕೂರಿಸುವ ಸತ್ಯಭಾಮಾಬಾಯಿ ಕೂಡ? ಇದೆಂಥ ನ್ಯಾಯ?

ಬಾಣವನ್ನಾದರೂ ಸರಿಪಡಿಸೋಣವೆಂದು ಪ್ರಾರ್ಥನೆಯ ಕೋಣೆಗೆ ಓಡಿದ. ಅಲ್ಲಿ ಹಿರಿಯಣ್ಣ ಪಟದ ಮುಂದೆ ಬೆವರುತ್ತ ನಿಂತಿದ್ದರು. ಕಿವಿಯ ಯಂತ್ರ ತೆಗೆದಿಟ್ಟು ಅಲ್ಲೇ ನಿದ್ದೆ ಹೋಗಿದ್ದವರು, ಎದ್ದು ಕಾಲೊನಿ ಒಂದು ಸುತ್ತು ಹಾಕಿ ಬಂದಿದ್ದರು.

"ಪೊನ್ನಪ್ಪನ್ನ ಎತ್ತಿಕೊಂಡು ನನ್ನ ಬಿಡ್ತಾರೇನು?" ಎಂದು ಗುಡುಗಿದರು. "ಸಂಕಟ ಶುರು ಆಗೈತಿ. ಅವರನ್ನೆಲ್ಲ ಸೈತಾನ ಒಯ್ದಾನ. ಸಭಾ ಅಂದ್ರ ನಾನು, ನಾನಿನ್ನೂ ಇಲ್ಲೇ ಅದೀನಿ. ನೀ ಹೇಳಿದ್ದ ಬರೋಬರ್."

"ದಮಯಂತಿನ್ನ ಸೈತಾನ ಒಯ್ದಾನ ಅಂತೀರೇನ್ರಿ?" ಬಾಬು ಅವರ ಕಿವಿಯ ಹತ್ತಿರ ಅರಚಿದ. "ನೀವು ಹೇಳಿದ್ದ ಬರೋಬರ್." ಬಾಣ ಕಿತ್ತು ಸಂಕಟದ ಮೊದಲಿಗೆ ಚುಚ್ಚಿದ. ಹಿರಿಯಣ್ಣ ಅದನ್ನು ಕಿತ್ತು ಆಚೆ ಚುಚ್ಚಿದರು. ಬಾಬು ಮತ್ತೆ ಈಚೆಗೆ ತಂದ.

ಬಾಗಿಲು ತೆರೆಯಿತು. ದಮಯಂತಿಯ ಹಿಂದೆ ಇಡೀ ಸಭೆ.

"ಸೈರನ್ ಆದಾಗ ಎಷ್ಟ್ ಎಬ್ಬಿಸಿದೆ ನಿಮ್ಮನ್ನ," ಎಂದಳು ದಮಯಂತಿ. "ಕ್ಲೋರಿನ್ ಸೋರಿದ್ರ ಹೆಂಗ ಓಡಬೇಕಂತ ಕವಾಯತು. ಜಲ್ದಿ ಜಲ್ದಿ ಅಂತ ಪ್ಲಾಂಟಿನವರು ಎಲ್ಲಾರನ್ನೂ ಮೈದಾನಕ್ಕ ಅಟ್ಟಿದ್ರು. ಅವರ ಲೆಕ್ಕದಾಗ ನೀವಿಬ್ರೂ ಸತ್ತೀರಿ."

ಹಿರಿಯಣ್ಣ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಎಲ್ಲ ಮತ್ತೊಮ್ಮೆ ಹೇಳಿಸಿಕೊಂಡರು. ಹೆದರಿದ್ದೆ ಎಂದು ಸಭೆಯ ಹಿರಿಯರು ಒಪ್ಪಿಕೊಳ್ಳುವುದುಂಟೆ? ಗಂಟಲು ಸರಿಪಡಿಸಿಕೊಂಡು, ಪ್ರಾರ್ಥನೆಯಲ್ಲಿ ತನಗೆ ಹೊಸ ಬೆಳಕು ಸಿಕ್ಕಿದೆ, ಸಭೆ ಸಂಕಟವನ್ನು ದಾಟಿಯೇ ಮೇಲೇರುವುದು ಎಂದು ಸಾರಿದರು. ಎಲ್ಲರೂ ಆಮೆನ್ ಎಂದರು.

"ಹೋದ ವಾರ ನಾ ಹೇಳಿದ್ದೂ ಅದೇ ಅಲ್ಲೇನ್ರಿ?" ಎಂದ ಬಾಬು.

"ಹೋದ ವಾರದ್ದು ಬಿಡು. ಈಗ ನಿನ್ನ ಕೈ ಎಲ್ಲೈತಿ, ಎಲ್ಲಾರೂ ನೋಡ್ರಿ."

ಎಲ್ಲರೂ ನೋಡಿದರು. ಬಾಬುವಿನ ಬೆರಳು ಬಾಣದ ಮೇಲಿತ್ತು. ಬಾಣ ಸಂಕಟದ ಈಚೆಗಿತ್ತು.

ವರ್ಗ ಪೊನ್ನಪ್ಪನ ಪಾಲಾಯಿತು. ಹೊರಗೆ ಬಿದ್ದ ಸ್ಕೂಟರ್ ಎತ್ತುತ್ತ ಅವನು ಕೂಗಿದ:

"ಏ ಬಾಬು, ಒಟ್ಟು ಯುಗ ಎಷ್ಟಪಾ?"